ಚಾರಿತ್ರಿಕ ಚರ್ಚುಗಳ ನೆರೆಯಲ್ಲಿ ಬಹುಮಹಡಿ ವಸತಿ ನಿರ್ಮಾಣ: ನಿವಾಸಿಗಳು ಆಕ್ಷೇಪಣೆ ಸಲ್ಲಿಸುವ ಕ್ರಮ

ಹಿನ್ನೆಲೆ

ಬೆಂಗಳೂರಿನಲ್ಲಿ 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದ ನಂತರ ಅದರ ಸುತ್ತಮುತ್ತ ಅನೇಕ ಚರ್ಚುಗಳು ನಿರ್ಮಾಣಗೊಂಡವು. 1812ರಲ್ಲಿ ಪೂರ್ಣಗೊಂಡ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, 19ನೇ ಶತಮಾನದ ನಡುಭಾಗದ ಹೋಲಿ ಟ್ರಿನಿಟಿ ಚರ್ಚ್, 1882ರಲ್ಲಿ ಇಂದಿನ ರೂಪ ಪಡೆದ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ಇವುಗಳಲ್ಲಿ ಪ್ರಮುಖವಾದವು. ದಂಡು ಪ್ರದೇಶದ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ವಿಶಾಲವಾದ ಆವರಣ, ಹಳೆಯ ಮರಗಳು ಹಾಗೂ ಹೆಂಚಿನ ಬಂಗಲೆಗಳು ಸಾಮಾನ್ಯವಾಗಿದ್ದವು. ಇಂತಹ ನಿವೇಶನಗಳಲ್ಲಿ ಈಗ ಬಹುಮಹಡಿ ವಸತಿ ಸಮುಚ್ಚಯಗಳು ನಿರ್ಮಾಣವಾಗುತ್ತಿರುವುದರಿಂದ ನೆರೆಹೊರೆಯ ನಿವಾಸಿಗಳಿಂದ ಆಕ್ಷೇಪಣೆಗಳು ವ್ಯಕ್ತವಾಗುತ್ತವೆ.

ನಗರದೊಳಗೆ ಹೆಚ್ಚಿನ ಮನೆಗಳು ದೊರೆಯುವುದು ಸಾರ್ವಜನಿಕ ಅಗತ್ಯವೇ ಆಗಿದೆ. ನಗರದ ನಡುವೆ ಮನೆ ದೊರೆಯದ ಕುಟುಂಬಗಳು ದೂರದ ಹೊರವಲಯದಲ್ಲಿ ನೆಲೆಸಿ ಪ್ರತಿದಿನ ಪ್ರಯಾಣಿಸಬೇಕಾಗುತ್ತದೆ. ನಿವೇಶನದ ಮಾಲೀಕರಿಗೂ ನಿಯಮಗಳ ಮಿತಿಯಲ್ಲಿ ಕಟ್ಟುವ ಹಕ್ಕಿದೆ. ಆದುದರಿಂದ ಆಕ್ಷೇಪಣೆಯು ಕಾನೂನಿನ ಆಧಾರವನ್ನು ಹೊಂದಿದ್ದು, ನಿಗದಿತ ಅವಧಿಯೊಳಗೆ ಸಲ್ಲಿಕೆಯಾದಲ್ಲಿ ಮಾತ್ರ ಅದಕ್ಕೆ ತಕ್ಕ ಬೆಲೆ ಬರುತ್ತದೆ.

ಮೊದಲು ಖಚಿತಪಡಿಸಿಕೊಳ್ಳಬೇಕಾದ ಅಂಶ: ಚರ್ಚಿಗೆ ಯಾವ ರಕ್ಷಣೆ ಇದೆ?

ಕಟ್ಟಡವು ನೂರು ವರ್ಷ ಹಳೆಯದಾಗಿರುವ ಮಾತ್ರಕ್ಕೆ ಅದರ ಸುತ್ತ ನಿರ್ಮಾಣವನ್ನು ನಿಷೇಧಿಸಿದಂತಾಗುವುದಿಲ್ಲ. ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳು ಹಾಗೂ ಅವಶೇಷಗಳ ಅಧಿನಿಯಮ, 1958ಕ್ಕೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗಿನ ಪ್ರದೇಶವು ನಿಷೇಧಿತ ಪ್ರದೇಶವಾಗಿರುತ್ತದೆ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದ್ದು, ಅಲ್ಲಿ ಅನುಮತಿ ಪಡೆದು ನಿರ್ಮಿಸಬಹುದು. ಹಳೆಯ ಗೋವಾದ ಬಾಮ್ ಜೀಸಸ್ ಬೆಸಿಲಿಕಾದಂತಹ ಚರ್ಚುಗಳಿಗೆ ಈ ರಕ್ಷಣೆ ಇದೆ. ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಚರ್ಚಿಗೆ, ಅದು ಎಷ್ಟೇ ಪುರಾತನವಾಗಿದ್ದರೂ, ಈ 100 ಮೀಟರ್ ನಿಯಮ ಅನ್ವಯಿಸುವುದಿಲ್ಲ.

ಕೇಂದ್ರದ ಪಟ್ಟಿಯಲ್ಲಿ ಹೆಸರಿಲ್ಲದಿದ್ದಲ್ಲಿ, 1961ರ ರಾಜ್ಯ ಸ್ಮಾರಕಗಳ ಅಧಿನಿಯಮದಡಿ ಸಂರಕ್ಷಣೆ ಇದೆಯೇ ಎಂಬುದನ್ನು ರಾಜ್ಯದ ಪುರಾತತ್ವ ಇಲಾಖೆಯಲ್ಲಿಯೂ, ಪಾರಂಪರಿಕ ಕಟ್ಟಡವೆಂದು ಘೋಷಣೆಯಾಗಿದೆಯೇ ಎಂಬುದನ್ನು ಯೋಜನಾ ಪ್ರಾಧಿಕಾರದಲ್ಲಿಯೂ ವಿಚಾರಿಸತಕ್ಕದ್ದು. ರಕ್ಷಣೆ ಇಲ್ಲದ ಕಟ್ಟಡಕ್ಕೆ ರಕ್ಷಣೆ ಇದೆಯೆಂದು ಬರೆದ ಮನವಿಯು ಮೊದಲ ಪರಿಶೀಲನೆಯಲ್ಲೇ ದುರ್ಬಲಗೊಳ್ಳುತ್ತದೆ.

ಎರಡು ಬಗೆಯ ಪ್ರಸ್ತಾವನೆಗಳು

1. ಭೂ ಬಳಕೆ ಬದಲಾವಣೆ ಬೇಕಾಗಿರುವ ಪ್ರಸ್ತಾವನೆ: ಉದಾಹರಣೆಗೆ, ಮಹಾಯೋಜನೆಯಲ್ಲಿ ಸಾರ್ವಜನಿಕ ಉಪಯೋಗಕ್ಕೆ ಗುರುತಿಸಿದ ಜಾಗವನ್ನು ವಸತಿಗೆ ಬಳಸುವುದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಪ್ರಕರಣದಡಿ ಇಂತಹ ಬದಲಾವಣೆಯು ಸಾರ್ವಜನಿಕ ಹಿತಾಸಕ್ತಿಗೆ ಅನುಗುಣವಾಗಿರಬೇಕು. ಅದನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ನಿವಾಸಿಗಳ ಮಾತಿಗೆ ಹೆಚ್ಚಿನ ಅವಕಾಶವಿರುವುದು ಈ ಹಂತದಲ್ಲಿ.

2. ವಲಯ ನಿಯಮಗಳಲ್ಲಿ ಈಗಾಗಲೇ ಅವಕಾಶವಿರುವ ನಿರ್ಮಾಣ: ನಿವೇಶನವು ವಸತಿ ವಲಯದಲ್ಲಿದ್ದು, ನಕ್ಷೆಯು ನಿಯಮಗಳಿಗೆ ಅನುಗುಣವಾಗಿದ್ದಲ್ಲಿ, ನೆರೆಯವರ ಅಸಮ್ಮತಿಯ ಕಾರಣಕ್ಕೆ ಮಾತ್ರ ಪರವಾನಗಿ ನಿರಾಕರಿಸಲು ಬರುವುದಿಲ್ಲ. ಇಲ್ಲಿ ಆಕ್ಷೇಪಣೆಯು ನಿಯಮ ಉಲ್ಲಂಘನೆಯನ್ನು ತೋರಿಸಬೇಕಾಗುತ್ತದೆ.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಎತ್ತರದ ಕಟ್ಟಡಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಪು ನೀಡಿತು. ಯೋಜನೆ ಮತ್ತು ನಿಯಮಾವಳಿಗಳು ಸರಿಯಾಗಿ ಪ್ರಕಟವಾಗಿಲ್ಲ, ಆದ್ದರಿಂದ ತಮಗೆ ಅನ್ವಯಿಸುವುದಿಲ್ಲ ಎಂಬ ನಿರ್ಮಾಣಗಾರರ ವಾದವನ್ನು ನ್ಯಾಯಾಲಯವು ಒಪ್ಪಲಿಲ್ಲ. ಪ್ರಕಟಿತ ನಿಯಮವು ನಿರ್ಮಾಣಗಾರರನ್ನು ಕಟ್ಟಿಹಾಕುವಂತೆಯೇ ಆಕ್ಷೇಪಣೆದಾರರ ವಾದಕ್ಕೂ ಮಿತಿಯಾಗಿರುತ್ತದೆ.

ಪರಿಶೀಲಿಸಬೇಕಾದ ತಾಂತ್ರಿಕ ಅಂಶಗಳು

ನೆಲ ವಿಸ್ತೀರ್ಣ ಅನುಪಾತ: ನಿವೇಶನದ ವಿಸ್ತೀರ್ಣಕ್ಕೆ ಹೋಲಿಸಿದರೆ ಎಲ್ಲ ಮಹಡಿಗಳೂ ಸೇರಿ ಎಷ್ಟು ಕಟ್ಟಬಹುದು ಎಂಬುದನ್ನು ಇದು ತಿಳಿಸುತ್ತದೆ. 1,000 ಚದರ ಮೀಟರ್ ನಿವೇಶನಕ್ಕೆ ಅನುಪಾತ 2 ಇದ್ದಲ್ಲಿ ಒಟ್ಟು 2,000 ಚದರ ಮೀಟರ್ ನಿರ್ಮಿಸಬಹುದು.

ರಸ್ತೆಯ ಅಗಲ: ಅನುಮತಿಸುವ ಅನುಪಾತವು ರಸ್ತೆಯ ಅಗಲವನ್ನು ಅವಲಂಬಿಸಿರುತ್ತದೆ. ನಕ್ಷೆಯಲ್ಲಿ ತೋರಿಸಿದ ಅಗಲ ಮತ್ತು ಸ್ಥಳದಲ್ಲಿರುವ ಅಗಲ ಒಂದೇ ಆಗಿದೆಯೇ ಎಂದು ಅಳತೆ ಮಾಡಿ ನೋಡುವುದು ಸೂಕ್ತ.

ಸೆಟ್‌ಬ್ಯಾಕ್: ಕಟ್ಟಡದ ಸುತ್ತ ಬಿಡಬೇಕಾದ ತೆರೆದ ಜಾಗವು ಎತ್ತರಕ್ಕೆ ತಕ್ಕಂತೆ ಇದೆಯೇ ಎಂಬುದನ್ನು ನೋಡಬೇಕು.

ನೆಲಮಾಳಿಗೆ: ಗಾರೆಯಿಂದ ಕಟ್ಟಿದ ಹಳೆಯ ಗೋಡೆಗಳ ಸಮೀಪದಲ್ಲಿ ಆಳವಾಗಿ ಅಗೆದಾಗ ನೆಲ ಕುಸಿದು ಬಿರುಕು ಬಿಡುವ ಸಂಭವವಿದೆ. ಕಾಮಗಾರಿ ಆರಂಭಕ್ಕೆ ಮುನ್ನವೇ ಚರ್ಚಿನ ಗೋಡೆ, ಕಮಾನು ಮತ್ತು ಗೋಪುರಗಳ ಸ್ಥಿತಿಯನ್ನು ದಿನಾಂಕ ಸಹಿತ ಛಾಯಾಚಿತ್ರಗಳೊಂದಿಗೆ ದಾಖಲಿಸಿಡಬೇಕು. ಈ ದಾಖಲೆ ಇಲ್ಲದಿದ್ದಲ್ಲಿ ಬಿರುಕು ಯಾವಾಗ ಬಿದ್ದಿತೆಂದು ರುಜುವಾತುಪಡಿಸುವುದು ಕಷ್ಟವಾಗುತ್ತದೆ.

ಮರಗಳು: ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಅಗತ್ಯ.

ಆಕ್ಷೇಪಣೆ ಸಲ್ಲಿಸುವ ವಿಧಾನ

1. ಪ್ರಕಟಣೆಯ ಸಂಖ್ಯೆ, ದಿನಾಂಕ ಮತ್ತು ಸ್ವತ್ತಿನ ಸಂಖ್ಯೆಯನ್ನು ನಮೂದಿಸತಕ್ಕದ್ದು.

2. ಪ್ರಕಟಣೆಯಲ್ಲಿ ತಿಳಿಸಿರುವ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.

3. ಯಾವ ನಿಯಮ ಉಲ್ಲಂಘನೆಯಾಗಿದೆ ಎಂಬುದನ್ನು ಅಳತೆ, ಛಾಯಾಚಿತ್ರ ಮತ್ತು ನಕ್ಷೆಯ ಪ್ರತಿಯೊಂದಿಗೆ ವಿವರಿಸತಕ್ಕದ್ದು.

4. ಕೋರಿಕೆಯು ನಿರ್ದಿಷ್ಟವಾಗಿರಬೇಕು. "ಯೋಜನೆ ಬೇಡ" ಎಂಬುದಕ್ಕಿಂತ, ಚರ್ಚಿನ ಬದಿಯಲ್ಲಿ ಮಹಡಿ ಕಡಿಮೆ ಮಾಡುವುದು, ತೆರೆದ ಜಾಗ ಹೆಚ್ಚಿಸುವುದು, ಅಗೆತದ ವೇಳೆ ಗೋಡೆಗಳ ಮೇಲೆ ನಿಗಾ ಇಡುವುದು ಮುಂತಾದ ಕೋರಿಕೆಗಳನ್ನು ಪರಿಶೀಲಿಸುವುದು ಸುಲಭ.

ಮುಂದೆ ಬಂದು ನೆಲೆಸುವವರ ಧರ್ಮ, ಭಾಷೆ, ಆಹಾರ ಅಥವಾ ಆದಾಯವನ್ನು ಕುರಿತ ಮಾತುಗಳಿಗೆ ಯೋಜನಾ ಕಾನೂನಿನಲ್ಲಿ ಆಧಾರವಿಲ್ಲ. ಅವು ಮನವಿಯಲ್ಲಿರುವ ಸರಿಯಾದ ಅಂಶಗಳನ್ನೂ ಮಸುಕುಗೊಳಿಸುತ್ತವೆ.

ದಾಖಲೆಗಳನ್ನು ಪಡೆಯುವ ಬಗೆ

ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕ ಪಾವತಿಸಿ ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಆಕ್ಷೇಪಣೆಯ ಅವಧಿ ಅದಕ್ಕೂ ಮೊದಲೇ ಮುಗಿಯುವಂತಿದ್ದಲ್ಲಿ, ಲಭ್ಯವಿರುವ ಆಧಾರದ ಮೇಲೆ ಆಕ್ಷೇಪಣೆ ಸಲ್ಲಿಸಿ, ನಂತರ ಹೆಚ್ಚುವರಿ ಹೇಳಿಕೆ ನೀಡುವುದು ಸೂಕ್ತ. ಇದಲ್ಲದೆ, 2016ರ ರಿಯಲ್ ಎಸ್ಟೇಟ್ ಅಧಿನಿಯಮದಡಿ ನೋಂದಣಿಯಾದ ಯೋಜನೆಗಳ ವಿವರಗಳು ರಾಜ್ಯದ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಸಾರ್ವಜನಿಕರಿಗೆ ಲಭ್ಯವಿರುತ್ತವೆ.

ಆದೇಶದ ನಂತರ

ಆಕ್ಷೇಪಣೆಯನ್ನು ತಿರಸ್ಕರಿಸಿದಲ್ಲಿ ಆದೇಶದ ಪ್ರತಿಯನ್ನು ಕೋರಿ ಕಾರಣಗಳನ್ನು ತಿಳಿದುಕೊಳ್ಳಬೇಕು. ಕಾನೂನಿನ ಕ್ರಮವನ್ನು ಪಾಲಿಸಿಲ್ಲವೆಂದು ಕಂಡುಬಂದಲ್ಲಿ ಸಂವಿಧಾನದ 226ನೇ ವಿಧಿಯಡಿ ಉಚ್ಚ ನ್ಯಾಯಾಲಯದ ಮೊರೆಹೋಗಲು ಅವಕಾಶವಿದೆ. ಆದರೆ ಕಟ್ಟಡ ಮೇಲೇಳುವವರೆಗೂ ಸುಮ್ಮನಿದ್ದು ನಂತರ ಪ್ರಶ್ನಿಸಿದಲ್ಲಿ ವಿಳಂಬವೇ ತೊಡಕಾಗಬಹುದು. ಅಷ್ಟರಲ್ಲಿ ಆ ಮನೆಗಳಿಗೆ ಮುಂಗಡ ನೀಡಿರುವ ಕುಟುಂಬಗಳೂ ಸಂಕಷ್ಟಕ್ಕೆ ಸಿಲುಕುತ್ತವೆ.

ಆದುದರಿಂದ ಪ್ರಕಟಣೆ ಹೊರಬಿದ್ದ ವಾರದಲ್ಲೇ ನಿವಾಸಿಗಳು, ಚರ್ಚಿನ ಆಡಳಿತದವರು ಮತ್ತು ನಿವೇಶನದ ಮಾಲೀಕರು ನಕ್ಷೆಯನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಎಲ್ಲರಿಗೂ ಹಿತಕರ. ನಕ್ಷೆ ಕಾಗದದ ಮೇಲಿರುವಾಗ ಮಾಡಬಹುದಾದ ಬದಲಾವಣೆಯನ್ನು ಕಟ್ಟಡ ಎದ್ದ ಮೇಲೆ ಮಾಡುವುದು ಕಷ್ಟಸಾಧ್ಯ.