ರೆಪೊ ದರ ಇಳಿದರೆ ಇಳಕಲ್ ಮಗ್ಗಕ್ಕೆ ಸಿಗುವುದೇನು?

ಬಾಗಲಕೋಟೆ: ರಿಸರ್ವ್ ಬ್ಯಾಂಕ್ ಮುಂಬೈಯಲ್ಲಿ ರೆಪೊ ದರ ಇಳಿಸಿದರೆ ಇಳಕಲ್ಲಿನ ನೇಕಾರನಿಗೆ ಕೆಲಸ ಹೆಚ್ಚುವುದೇ? ಹೆಚ್ಚಬಹುದು. ಆದರೆ ಆ ದಾರಿ ದೂರದ್ದು.

ಬ್ಯಾಂಕುಗಳು ಅಲ್ಪಾವಧಿಗೆ ಪಡೆಯುವ ಸಾಲಕ್ಕೆ ರಿಸರ್ವ್ ಬ್ಯಾಂಕ್ ವಿಧಿಸುವ ಬಡ್ಡಿಯೇ ರೆಪೊ ದರ. ಬೆಲೆ ಏರಿಕೆ ಮಿತಿ ಮೀರಿದ್ದರಿಂದ 2022ರ ಮೇ ತಿಂಗಳಿಂದ ಶೇ 4ರಷ್ಟಿದ್ದ ಈ ದರವನ್ನು ಏರಿಸುತ್ತ ಹೋಗಿ, 2023ರ ಫೆಬ್ರವರಿಯಲ್ಲಿ ಶೇ 6.5ಕ್ಕೆ ತಲುಪಿಸಲಾಯಿತು. ಹಣದುಬ್ಬರ ತಗ್ಗಿದ ಬಳಿಕ 2025ರಲ್ಲಿ 4 ಬಾರಿ ಇಳಿಸಿ, ಡಿಸೆಂಬರ್‌ನಲ್ಲಿ ಶೇ 5.25ಕ್ಕೆ ತರಲಾಯಿತು. ಅಮೆರಿಕದ ಫೆಡರಲ್ ರಿಸರ್ವ್‌ಗೆ ಉದ್ಯೋಗವೂ ಕಾನೂನು ವಿಧಿಸಿದ ಹೊಣೆ. ನಮ್ಮಲ್ಲಿ ಹಾಗಿಲ್ಲ. ಬೆಲೆ ಸ್ಥಿರತೆಯೇ ಮೊದಲ ಗುರಿ, ಆರ್ಥಿಕ ಬೆಳವಣಿಗೆಯನ್ನೂ ಗಮನದಲ್ಲಿ ಇರಿಸಿಕೊಳ್ಳಬೇಕು ಎಂದಷ್ಟೇ ಕಾನೂನು ಹೇಳುತ್ತದೆ.

ಇಳಿಕೆಯ ಲಾಭ ಬೇಗ ದೊರೆಯುವುದು ಗೃಹಸಾಲ ಪಡೆದವರಿಗೆ. 2019ರ ಅಕ್ಟೋಬರ್‌ನಿಂದ ವಾಣಿಜ್ಯ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಗೃಹಸಾಲ ಹಾಗೂ ಸಣ್ಣ ಉದ್ಯಮಗಳ ಸಾಲವನ್ನು ರೆಪೊದಂತಹ ಬಾಹ್ಯ ಮಾನದಂಡಕ್ಕೆ ಜೋಡಿಸಬೇಕಾಗಿದೆ. ಮನೆ ಕಟ್ಟುವವರು ಹೆಚ್ಚಿದರೆ ಇಳಕಲ್ಲಿನ ಕೆಂಪು ಗ್ರಾನೈಟಿಗೆ ಬೇಡಿಕೆ ಬರುತ್ತದೆ, ಕಲ್ಲು ಕೊರೆಯುವ ಕೈಗಳಿಗೆ ಕೆಲಸ ಸಿಗುತ್ತದೆ. ಬಾದಾಮಿಯಲ್ಲಿ ಸಾಲ ಮಾಡಿ ವಸತಿಗೃಹ ಕಟ್ಟುವವರ ಲೆಕ್ಕವೂ ಇಂಥದೇ. ಹುನಗುಂದದ ಎರೆಭೂಮಿಯ ರೈತನ ಕತೆ ಬೇರೆ. ಬೆಳೆಸಾಲದ ಬಡ್ಡಿಯನ್ನು ಮುಖ್ಯವಾಗಿ ನಿರ್ಧರಿಸುವುದು ಸರ್ಕಾರದ ರಿಯಾಯಿತಿ.

ಮಗ್ಗದ ಲೆಕ್ಕ ಇನ್ನೂ ಜಟಿಲ. ಮಾಲೀಕರಿಂದ ನೂಲು, ರೇಷ್ಮೆ ಪಡೆದು ಸೀರೆಗೆ ಇಷ್ಟೆಂದು ಕೂಲಿಗೆ ನೇಯುವವನಿಗೆ ಬ್ಯಾಂಕಿನ ಬಡ್ಡಿ ಕಣ್ಣಿಗೇ ಬೀಳದು. ನೂಲಿಗೆ ಹಣ ಹೂಡಿ, ಸೀರೆಯನ್ನು ಉದ್ರಿ ಕೊಟ್ಟು, ವಸೂಲಿಗೆ ಕಾಯುವ ಮಾಲೀಕನಿಗೆ ಆ ಅವಧಿಯ ಸಾಲವೇ ಆಧಾರ. 10 ಲಕ್ಷ ರೂಪಾಯಿ ಸಾಲದ ಮೇಲೆ 2025ರ ಇಳಿಕೆ ಪೂರ್ಣವಾಗಿ ವರ್ಗವಾದರೆ ವರ್ಷಕ್ಕೆ ಉಳಿಯುವುದು 12,500 ರೂಪಾಯಿ. ಯಂತ್ರಮಗ್ಗದ ಅಗ್ಗದ ಸೀರೆಯ ಎದುರು ಮಾರಾಟವೇ ಮಂದವಾಗಿದ್ದರೆ, ಇಷ್ಟು ಉಳಿತಾಯಕ್ಕೆ ಯಾರೂ ಹೊಸ ಮಗ್ಗ ಹೂಡರು. ಬಡ್ಡಿ ಏರಿದಾಗ ಮಾತ್ರ ಪೆಟ್ಟು ಬೇಗ ಬೀಳಬಹುದು: ಮಾಲೀಕ ನೂಲು ಕಡಿಮೆ ಕೊಟ್ಟರೆ ನೇಕಾರನ ಕೆಲಸದ ದಿನಗಳು ತಪ್ಪುತ್ತವೆ. ಸ್ವಂತ ಮಗ್ಗಕ್ಕೆ ಪತ್ತಿನ ಸಹಕಾರ ಸಂಘದಲ್ಲಿ ಸಾಲ ಮಾಡಿದವನಿಗಂತೂ 2019ರ ನಿಯಮ ಅನ್ವಯಿಸುವುದೇ ಇಲ್ಲ.

ಇಳಿಕೆಯಿಂದ ನಷ್ಟವಾಗುವವರೂ ಇದ್ದಾರೆ. ಆಲಮಟ್ಟಿ ಹಿನ್ನೀರಿಗೆ ಮನೆ-ಹೊಲ ಕಳೆದುಕೊಂಡು ಬಾಗಲಕೋಟೆಯ ನವನಗರ ಸೇರಿದ ಕುಟುಂಬವೊಂದು ಪರಿಹಾರದ 10 ಲಕ್ಷ ರೂಪಾಯಿಯನ್ನು ಠೇವಣಿ ಇಟ್ಟಿದೆ ಎನ್ನಿ. ಅವಧಿ ಮುಗಿದು ನವೀಕರಿಸುವಾಗ ಬಡ್ಡಿ ಶೇ 1ರಷ್ಟು ಇಳಿದಿದ್ದರೆ, ಆ ಮನೆಯ ವರಮಾನ ವರ್ಷಕ್ಕೆ 10,000 ರೂಪಾಯಿ ಕಡಿಮೆಯಾಗುತ್ತದೆ.