ಭರತಪುರದ ಜೌಗಿನಲ್ಲಿ ಒಂದು ದಿನದ ನಡಿಗೆ

ಮಂಡಿನೋವಿನ ನೆಪದಿಂದ ನಡಿಗೆಯನ್ನೇ ತೊರೆದಿರುವ ದೆಹಲಿಯ ಕನ್ನಡಿಗರಿಗೆ ರಾಜಸ್ಥಾನದ ಭರತಪುರವು ಉಚಿತವಾದ ತಾಣ. ಅಲ್ಲಿನ ಕೇವಲಾದೇವ ರಾಷ್ಟ್ರೀಯ ಉದ್ಯಾನವು ಸುಮಾರು 29 ಚದರ ಕಿಲೋಮೀಟರಿನ ತಗ್ಗುನೆಲ. 18ನೆಯ ಶತಮಾನದಲ್ಲಿ ಮಹಾರಾಜ ಸೂರಜಮಲ್ಲನು ಕಟ್ಟಿಸಿದ ಅಜಾನ್ ಕಟ್ಟೆಯ ನೀರು ಹರಿದು ಬಂದಾಗ ಈ ಜೌಗು ತುಂಬುತ್ತದೆ. ನೀರಿನ ನಡುವಣ ಏರಿಗಳ ಮೇಲಿನ ದಾರಿ ಸಮತಟ್ಟು. ಹತ್ತಿಳಿಯುವ ಶ್ರಮವಿಲ್ಲದುದರಿಂದ ಮಂಡಿಗೂ ಹೃದಯಕ್ಕೂ ಹೊರೆ ಕಡಿಮೆ.

ಆದರೆ ಹಕ್ಕಿಗಳನ್ನು ನೋಡುತ್ತ ಸಾಗುವವರು ನಡೆದ ದೂರವನ್ನು ಮರೆಯುತ್ತಾರೆ. ಅಪಾಯವಿರುವುದು ಇಲ್ಲಿಯೇ. ಶಕ್ತಿಯ ಅರ್ಧವನ್ನು ಮರುಪಯಣಕ್ಕೆ ಠೇವಣಿಯಾಗಿ ಉಳಿಸಿಕೊಳ್ಳಬೇಕು. ನೀರು, ಹಿಡಿತವುಳ್ಳ ಪಾದರಕ್ಷೆ, ಸೊಳ್ಳೆಯಿಂದ ಕಾಪಾಡುವ ತುಂಬುತೋಳಿನ ಅಂಗಿ ಅವಶ್ಯ. ಹೃದ್ರೋಗಿಗಳು ಮೊದಲೇ ವೈದ್ಯರನ್ನು ಕೇಳುವುದು ಲೇಸು.

ಚಳಿಗಾಲವೇ ಪ್ರಶಸ್ತ. ಸೈಬೀರಿಯದ ಕೊಕ್ಕರೆಗಳು ಮಾತ್ರ 2002ರ ನಂತರ ಬಂದಿಲ್ಲ. ದಣಿದವರಿಗೆ ರಿಕ್ಷಾ ಉಂಟು. ಅದನ್ನು ಓಡಿಸುವವರಲ್ಲಿ ಅನೇಕರು ಹಕ್ಕಿಗಳ ಹೆಸರನ್ನೂ ಬಲ್ಲರು.