ಕ್ಯಾಸೆಟ್ಟಿನ ವಚನಗಾಯನ ಗಣಕಯಂತ್ರಕ್ಕೆ, ಮೊಬೈಲಿಗೆ: ಧ್ವನಿಯ ಜೊತೆ ಹೆಸರನ್ನೂ ಉಳಿಸಿಕೊಳ್ಳುವ ಬಗೆ



ಮನೆಯ ಅಟ್ಟದಲ್ಲೋ ದೇವರಕೋಣೆಯ ಗೂಡಿನಲ್ಲೋ ಇರುವ ಹಳೆಯ ವಚನಗಾಯನದ ಕ್ಯಾಸೆಟ್ಟುಗಳನ್ನು ಮೊಬೈಲಿನಲ್ಲಿ ಕೇಳುವಂತೆ ಮಾಡಿಕೊಳ್ಳುವುದು ಹೇಗೆಂದು ಶ್ರೀಮಠದ ಕಚೇರಿಗೆ ಬರುವ ಭಕ್ತರು ಈಚೆಗೆ ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾಗಿವೆ. ರಿಪೇರಿ ಮಾಡುವವರು ಊರಿನಲ್ಲಿ ಉಳಿದಿಲ್ಲ. ಕ್ಯಾಸೆಟ್ಟನ್ನು ಎಸೆಯಲು ಮನಸ್ಸೂ ಬಾರದು. ಶ್ರೀಮಠದ ಕಪಾಟಿನಲ್ಲಿದ್ದ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸುವಾಗ ನಾವು ಕಲಿತದ್ದನ್ನೂ, ಕಲಿಯುವ ಮುನ್ನ ಕಳೆದುಕೊಂಡದ್ದನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಕಳೆದುಕೊಂಡದ್ದನ್ನು ಮೊದಲು ಹೇಳುವುದೇ ಉಚಿತ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳ ನೆರವಿನಿಂದ ಸುಮಾರು 30 ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸಿ, ಹಾಡುಗಳನ್ನೆಲ್ಲ ತಂತ್ರಾಂಶವೊಂದರ ಲೈಬ್ರರಿಗೆ ಸೇರಿಸಿದೆವು. ಪರದೆಯ ಮೇಲೆ ಹೆಸರುಗಳು ಸಾಲಾಗಿ ನಿಂತವು. ಒತ್ತಿದೊಡನೆ ಹಾಡು ಕೇಳಿಸಿತು. ಕೆಲಸ ಮುಗಿಯಿತೆಂದು ಭಾವಿಸಿದೆವು. ಮುಂದೆ ಯಂತ್ರದಲ್ಲಿ ಜಾಗ ಸಾಲದೆ ಬಂದಾಗ, ಪರದೆಯ ಮೂಲೆಯಲ್ಲಿ ಹೆಸರೇ ಇಡದೆ ಬಿಟ್ಟಿದ್ದ ದೊಡ್ಡ ಫೋಲ್ಡರೊಂದನ್ನು, 'ಹಾಡುಗಳು ಹೇಗೂ ಲೈಬ್ರರಿಯಲ್ಲಿವೆಯಲ್ಲ' ಎಂಬ ಧೈರ್ಯದಿಂದ ನಾವೇ ಅಳಿಸಿದೆವು. ಅಂದು ಸಂಜೆ ಪ್ರಾರ್ಥನೆಗೆ ಮುನ್ನ ಹಾಡು ಹಾಕಲು ಹೋದರೆ ಹೆಸರುಗಳು ಇದ್ದಲ್ಲಿಯೇ ಇದ್ದವು, ಧ್ವನಿ ಇರಲಿಲ್ಲ.

ಲೈಬ್ರರಿ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸಿತ್ತು. ಗ್ರಂಥಾಲಯವೆಂದರೆ ಗ್ರಂಥಗಳಿರುವ ಮನೆ ಎಂದು ನಾವು ತಿಳಿದವರು. ಗಣಕಯಂತ್ರದ ಸಂಗೀತ ಲೈಬ್ರರಿಯಾದರೋ ಬಹುಮಟ್ಟಿಗೆ ಗ್ರಂಥಾಲಯದ ಬಾಗಿಲ ಬಳಿ ಇರುತ್ತಿದ್ದ ಸೂಚಿಚೀಟಿಗಳ ಪೆಟ್ಟಿಗೆ. ಇಂಥ ಹಾಡು, ಇಂಥವರು ಹಾಡಿದ್ದು, ಇಂಥ ಫೋಲ್ಡರಿನಲ್ಲಿದೆ ಎಂದಷ್ಟೇ ಅದು ಬರೆದಿಟ್ಟುಕೊಳ್ಳುತ್ತದೆ. ಫೋಲ್ಡರನ್ನು ಅಳಿಸಿದರೆ, ಬೇರೆಡೆಗೆ ಸರಿಸಿದರೆ, ಅದರ ಹೆಸರು ಬದಲಿಸಿದರೆ, ಪೆನ್‌ಡ್ರೈವಿನಲ್ಲಿದ್ದ ಹಾಡನ್ನು ಸೇರಿಸಿ ಆಮೇಲೆ ಪೆನ್‌ಡ್ರೈವ್ ಕಿತ್ತರೆ, ಚೀಟಿ ಉಳಿದು ಗ್ರಂಥ ಇಲ್ಲವಾಗುತ್ತದೆ. ಐಟ್ಯೂನ್ಸ್‌ನಂಥ ತಂತ್ರಾಂಶಗಳಲ್ಲಿ, ಸೇರಿಸುವಾಗಲೇ ಫೈಲಿನ ಇನ್ನೊಂದು ಪ್ರತಿಯನ್ನು ತನ್ನ ಫೋಲ್ಡರಿಗೆ ಮಾಡಿಕೊಳ್ಳುವ ಆಯ್ಕೆಯುಂಟು. ಆ ಚೌಕದಲ್ಲಿ ಗುರುತು ಬಿದ್ದಿದೆಯೇ ಎಂದು ನೋಡದೆ ಮೂಲವನ್ನು ಮುಟ್ಟಬಾರದು. ಆದ್ದರಿಂದ ಮೊದಲು ಗಣಕಯಂತ್ರದಲ್ಲಿ ಒಂದೇ ಒಂದು ಸ್ಥಿರವಾದ ಫೋಲ್ಡರನ್ನು ಮಾಡಿ, ಅದಕ್ಕೆ ಹೆಸರಿಟ್ಟು, ಹಾಡುಗಳನ್ನೆಲ್ಲ ಅದರಲ್ಲಿರಿಸಿ, ಅನಂತರವೇ ಆ ಫೋಲ್ಡರನ್ನು ಲೈಬ್ರರಿಗೆ ತೋರಿಸಬೇಕು. ಅದರ ಪ್ರತಿಯೊಂದನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿರಿಸಿ, ಆ ಡಿಸ್ಕನ್ನು ಬೇರೊಂದು ಮನೆಯಲ್ಲಿಡುವುದು ಕ್ಷೇಮ.

ಇನ್ನು ಕ್ಯಾಸೆಟ್ಟಿನಿಂದ ಇಳಿಸುವ ಕ್ರಮ. ಕ್ಯಾಸೆಟ್ಟಿನ ಹಿಂದಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದು ತೆಗೆದರೆ, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಧ್ವನಿ ಅಳಿಯುವುದಿಲ್ಲ. ಬಹುಕಾಲ ಮುಟ್ಟದಿದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ, ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ನುಡಿಸಬೇಕು. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಗಣಕಯಂತ್ರದ 'ಲೈನ್ ಇನ್' ತೂತಿಗೆ ಎರಡೂ ಕಡೆ ಪಿನ್ನಿರುವ ವಯರೊಂದು ಸಾಕು. ಲ್ಯಾಪ್‌ಟಾಪುಗಳಲ್ಲಿ ಈ ತೂತು ಬಹುತೇಕ ಇರದ ಕಾರಣ, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡನ್ನು ಕೊಳ್ಳಬೇಕಾದೀತು. ಧ್ವನಿಯನ್ನು ಹಿಡಿಯಲು ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶವನ್ನು ನಾವು ಬಳಸುತ್ತಿದ್ದೇವೆ. ಧ್ವನಿಯ ಮಟ್ಟ ಕೆಂಪು ಗೆರೆಗೆ ತಾಗದಂತೆ ಎಚ್ಚರ ವಹಿಸಬೇಕು. ಅಲ್ಲಿ ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಸೇವೆಗೆ ಬಂದ ಹುಡುಗರಿಗೆ ಹೇಳಿ ನಂಬಿಸಲು ನಮಗೆ ಕಷ್ಟವಾದ ಸಂಗತಿ ಇದೊಂದೇ.

ಟೇಪಿನ 'ಸುಂಯ್' ಸದ್ದನ್ನು ತೆಗೆಯುವ ಉಪಾಯಗಳೂ ತಂತ್ರಾಂಶದಲ್ಲಿವೆ. ಅತಿಯಾಗಿ ಬಳಸಿದರೆ ಗಾಯಕರು ಬಾವಿಯೊಳಗಿಂದ ಹಾಡಿದಂತೆ ಕೇಳುತ್ತದೆ. ಮೂಲವನ್ನು ಇದ್ದಂತೆಯೇ ಒಂದೆಡೆ ಇರಿಸಿ, ಪ್ರತಿಯ ಮೇಲೆ ಮಾತ್ರ ಈ ಪ್ರಯೋಗ ನಡೆಯಲಿ. ಮೂಲವನ್ನು ವೇವ್ ರೂಪದಲ್ಲಿ ಇಟ್ಟರೆ ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂ.ಬಿ.ಯಂತೆ ಒಂದು ಕ್ಯಾಸೆಟ್ಟಿಗೆ 600 ಎಂ.ಬಿ.ಗೂ ಮಿಕ್ಕು ಜಾಗ ಹಿಡಿಯುತ್ತದೆ. ಫ್ಲಾಕ್ ರೂಪದಲ್ಲಿ ಇಟ್ಟರೆ ಧ್ವನಿಯ ಗುಣ ಕಿಂಚಿತ್ತೂ ಕುಂದದೆ ಜಾಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಹೆಸರು ಮೊದಲಾದ ವಿವರಗಳೂ ಫೈಲಿನೊಳಗೇ ಚೆನ್ನಾಗಿ ಕೂಡುತ್ತವೆ. ಮೊಬೈಲಿಗೆ 192 ಕೆ.ಬಿ.ಪಿ.ಎಸ್. ದರದ ಎಂಪಿ3 ಸಾಕು. ಇಡೀ ಕ್ಯಾಸೆಟ್ಟು 90 ಎಂ.ಬಿ.ಯೊಳಗೆ ಮುಗಿಯುತ್ತದೆ.

ಹೆಸರು ಬರೆಯುವ ಕೆಲಸಕ್ಕೆ ಈಗ ಬರೋಣ. ಬಾಯಿಮಾತಿನಲ್ಲಿ ವಿವರಿಸುವಾಗ ಪ್ರತಿ ಸಲವೂ ಉಳಿದುಹೋಗುವುದು ಇದೇ. ಹಾಡಿನ ಫೈಲಿನೊಳಗೆ ಟ್ಯಾಗ್ ಎಂಬ ಪುಟ್ಟ ಚೀಟಿಯೊಂದಿರುತ್ತದೆ. ಅದರಲ್ಲಿ ಹಾಡಿನ ಹೆಸರಿಗೆ 'ಟೈಟಲ್', ಹಾಡಿದವರಿಗೆ 'ಆರ್ಟಿಸ್ಟ್', ರಚಿಸಿದವರಿಗೆ 'ಕಂಪೋಸರ್', ಸಂಗ್ರಹದ ಹೆಸರಿಗೆ 'ಆಲ್ಬಮ್', ಮತ್ತೆ ವರ್ಷಕ್ಕೆ, ಕ್ರಮಸಂಖ್ಯೆಗೆ ಎಂದು ಬೇರೆಬೇರೆ ಮನೆಗಳಿವೆ. ಗಣಕಯಂತ್ರವಾಗಲಿ ಮೊಬೈಲಾಗಲಿ ಹಾಡುಗಳನ್ನು ಜೋಡಿಸುವುದು ಮುಖ್ಯವಾಗಿ ಈ ಚೀಟಿಯನ್ನು ನೋಡಿ. ನಮ್ಮ ವಿದ್ಯಾರ್ಥಿಗಳು ಮೊದಲ ದಿನ ಎಲ್ಲ ಹಾಡುಗಳಿಗೂ ಆರ್ಟಿಸ್ಟ್ ಎಂಬಲ್ಲಿ 'ಬಸವಣ್ಣ' ಎಂದು ಬರೆದಿದ್ದರು. ವಚನ ಬಸವಣ್ಣನವರದು, ನಿಜ. ಧ್ವನಿ ಯಾರದು? ಅದನ್ನು ಬರೆಯಲು ಮನೆಯೇ ಉಳಿದಿರಲಿಲ್ಲ.

ವಚನಕಾರರ ಹೆಸರು ಕಳೆದುಹೋಗುವ ಭಯ ಕಡಿಮೆ, ಏಕೆಂದರೆ ವಚನದೊಳಗೇ ಅಂಕಿತವಿದೆ. ಫ.ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಯ ಕಟ್ಟುಗಳನ್ನು ಅರಸಿ, ಓದಿ, ವಿಂಗಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಬೇರೆಬೇರೆ ಶರಣರ ವಚನಗಳು ಬೆರೆತಿರುವ ಓಲೆಗಳಲ್ಲಿ ಇದು ಇಂಥವರದೆಂದು ತಿಳಿಸುವುದು ಅಂಕಿತವೇ. ಕ್ಯಾಸೆಟ್ಟಿನ ಹೊದಿಕೆ ಕಳೆದಿದ್ದರೂ ಕಿವಿಗೊಟ್ಟು ಕೇಳಿದರೆ ವಚನಕಾರರು ಯಾರೆಂಬುದು ತಿಳಿದೀತು. ಆದರೂ ಅವಸರದ ಕಿವಿಗೆ ಮೋಸವಾಗುತ್ತದೆ: 'ಕೂಡಲಸಂಗಮದೇವ' ಬಸವಣ್ಣನವರದು, 'ಕೂಡಲಚೆನ್ನಸಂಗಮದೇವ' ಚೆನ್ನಬಸವಣ್ಣನವರದು, 'ಚೆನ್ನಮಲ್ಲಿಕಾರ್ಜುನ' ಅಕ್ಕಮಹಾದೇವಿಯವರದು, 'ಕಪಿಲಸಿದ್ಧಮಲ್ಲಿಕಾರ್ಜುನ' ಸಿದ್ಧರಾಮರದು, ನೀಲಮ್ಮನವರದು 'ಸಂಗಯ್ಯ'. ರಾಗದ ಎಳೆತದಲ್ಲಿ ನಡುವಿನ ಎರಡಕ್ಷರ ತಪ್ಪಿದರೆ ವಚನ ಬೇರೆಯವರ ಪಾಲಾಗುತ್ತದೆ.

ಹಾಡಿದವರಿಗೋ, ಇಂಥ ಅಂಕಿತವಿಲ್ಲ. ಮಲ್ಲಿಕಾರ್ಜುನ ಮನ್ಸೂರ ಅವರ ಅಥವಾ ಬಸವರಾಜ ರಾಜಗುರು ಅವರ ಕಂಠವನ್ನು ಗುರುತಿಸುವ ರಸಿಕರು ಇಂದಿಗೂ ಹಲವರಿದ್ದಾರೆ. ನಮ್ಮ ಊರಿನ ಭಜನೆಯಲ್ಲಿ ಹಾಡಿದ ತಾಯಂದಿರ, ಹಾರ್ಮೋನಿಯಂ ನುಡಿಸಿದ ಮಾಸ್ತರರ ಧ್ವನಿಯನ್ನು ಗುರುತಿಸುವವರು ಎಷ್ಟು ಮಂದಿ ಉಳಿದಿದ್ದಾರೆ? ಶ್ರೀಮಠದ ಕಪಾಟಿನಲ್ಲಿ ಮೇಲೆ ಏನೂ ಬರೆಯದ ಕ್ಯಾಸೆಟ್ಟುಗಳು ಹಲವಿದ್ದವು. ಹಿರಿಯ ಭಕ್ತರೊಬ್ಬರನ್ನು ಎರಡು ಮಧ್ಯಾಹ್ನ ಕುರ್ಚಿ ಹಾಕಿ ಕೂರಿಸಿ, ಒಂದೊಂದನ್ನೇ ಕೇಳಿಸಿ, ಅವರು ಹೇಳಿದ ಹೆಸರುಗಳನ್ನು ಬರೆದುಕೊಂಡೆವು. ಕೆಲವು ಹಾಡುಗಳಿಗೆ ಅವರು ಕಣ್ಣು ಮುಚ್ಚಿ ಕೇಳಿ, ಸುಮ್ಮನೆ ತಲೆಯಾಡಿಸಿ, ಹೆಸರು ಹೇಳದೆ ಉಳಿದರು. ಹತ್ತು ವರ್ಷ ಮೊದಲೇ ಈ ಕೆಲಸ ಮಾಡಬೇಕಿತ್ತು.

ಆದುದರಿಂದ ಕ್ರಮ ಹೀಗಿರಲಿ: ಆರ್ಟಿಸ್ಟ್ ಎಂಬಲ್ಲಿ ಹಾಡಿದವರು, ಕಂಪೋಸರ್ ಎಂಬಲ್ಲಿ ವಚನಕಾರರು, ಟೈಟಲ್ ಎಂಬಲ್ಲಿ ವಚನದ ಮೊದಲ ಮಾತುಗಳು, ಆಲ್ಬಮ್ ಎಂಬಲ್ಲಿ ಕ್ಯಾಸೆಟ್ಟಿನ ಅಥವಾ ಕಾರ್ಯಕ್ರಮದ ಹೆಸರು. ವರ್ಷವೆಂದರೆ ಹಾಡಿದ ವರ್ಷ, ಗಣಕಯಂತ್ರಕ್ಕೆ ಇಳಿಸಿದ ವರ್ಷವಲ್ಲ. ಹೆಸರಿಗೆ ಒಂದೇ ಕಾಗುಣಿತವನ್ನು ಗೊತ್ತುಮಾಡಿಕೊಳ್ಳಬೇಕು. ಮನ್ಸೂರ, ಮನಸೂರ, ಮನ್ಸೂರ್ ಎಂದು ಮೂರು ಬಗೆಯಾಗಿ ಬರೆದರೆ ಲೈಬ್ರರಿಯಲ್ಲಿ ಮೂವರು ಗಾಯಕರು ಹುಟ್ಟಿಕೊಳ್ಳುತ್ತಾರೆ. ಅಕ್ಕಮಹಾದೇವಿ, ಮಹಾದೇವಿಯಕ್ಕ ಎಂದು ಬರೆದರೂ ಅಷ್ಟೆ. ಕನ್ನಡ ಎಂ.ಎ. ಓದಿದ ನಮಗೂ ಈ ವಿಷಯದಲ್ಲಿ ವಿದ್ಯಾರ್ಥಿಗಳೊಡನೆ ಒಂದು ಗಂಟೆ ವಾದ ನಡೆಯಿತು. ಗೆದ್ದವರು ಯಾರೆಂಬುದು ಮುಖ್ಯವಲ್ಲ, ಒಂದು ಗೊತ್ತಾದುದು ಮುಖ್ಯ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕುಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಹೆಸರು ಮೊಬೈಲಿಗೆ ಹೋದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲವಾಗುತ್ತದೆ. ಅವೇ ತಂತ್ರಾಂಶಗಳಲ್ಲಿ ಯೂನಿಕೋಡ್ ಆಯ್ಕೆಯಿದೆ, ಅದನ್ನೇ ಬಳಸಬೇಕು. ಫೈಲಿನ ಹೆಸರಿನ ಮೊದಲಲ್ಲಿ ಸಂಖ್ಯೆ ಹಾಕುವುದಾದರೆ 01, 02 ಎಂದು ಎರಡಂಕಿಯಲ್ಲಿ ಹಾಕಿದರೆ ಒಂದರ ಹಿಂದೆಯೇ ಹತ್ತನೆಯ ಹಾಡು ಬಂದು ನಿಲ್ಲುವ ತೊಂದರೆ ತಪ್ಪುತ್ತದೆ. ಹಲವು ಹಾಡುಗಳ ಚೀಟಿಯನ್ನು ಒಮ್ಮೆಗೇ ತಿದ್ದಲು ಎಂಪಿ3ಟ್ಯಾಗ್ ಎಂಬ ತಂತ್ರಾಂಶ ಅನುಕೂಲ.

ಮೊಬೈಲಿಗೆ ಸೇರಿಸುವುದು ಇಷ್ಟು ಕಷ್ಟದ್ದಲ್ಲ. ಆಂಡ್ರಾಯ್ಡ್ ಫೋನನ್ನು ವಯರಿನಿಂದ ಗಣಕಯಂತ್ರಕ್ಕೆ ಜೋಡಿಸಿ, ಪರದೆಯ ಮೇಲೆ 'ಫೈಲ್ ಟ್ರಾನ್ಸ್‌ಫರ್' ಎಂಬುದನ್ನು ಆರಿಸಿ, ಹಾಡುಗಳನ್ನು 'ಮ್ಯೂಸಿಕ್' ಫೋಲ್ಡರಿಗೆ ನಕಲು ಮಾಡಿದರಾಯಿತು. ಉಳಿದುದನ್ನು ಫೋನೇ ಹುಡುಕಿಕೊಳ್ಳುತ್ತದೆ. ಐಫೋನಿನದು ಬೇರೆ ದಾರಿ. ಅದು ಒಂದು ಗಣಕಯಂತ್ರದ ಲೈಬ್ರರಿಯೊಡನೆ ಹೊಂದಿಕೊಂಡಿರುತ್ತದೆ. ಇನ್ನೊಂದು ಯಂತ್ರದೊಡನೆ ಹೊಂದಿಸಲು ಹೋದರೆ ಮೊದಲಿದ್ದ ಹಾಡುಗಳನ್ನು ಅಳಿಸಲೇ ಎಂದು ಕೇಳುತ್ತದೆ. ಓದದೆ 'ಹೌದು' ಎಂದು ಒತ್ತಬಾರದು. ಐಫೋನ್ ಉಳ್ಳವರು ವಿಎಲ್‌ಸಿ ಆ್ಯಪ್ ಹಾಕಿಕೊಂಡು ವೈಫೈ ಮೂಲಕ ಹಾಡು ತುಂಬಿಸಿಕೊಳ್ಳುವುದು ಸುಲಭ.

ವಾಟ್ಸ್‌ಆ್ಯಪ್‌ನಲ್ಲಿ ಹಾಡನ್ನು ಹಂಚುವವರು ಒಂದು ಮಾತನ್ನು ಗಮನಿಸಬೇಕು. ಹಾಡನ್ನು ಆಡಿಯೋ ಎಂದು ಕಳುಹಿಸಿದರೆ, ಪಡೆದವರ ಫೋನಿನಲ್ಲಿ ಅದರ ಫೈಲಿನ ಹೆಸರು ಹೋಗಿ, ಬಂದ ದಿನಾಂಕವೂ ಒಂದು ಸಂಖ್ಯೆಯೂ ಹೆಸರಾಗಿ ಕೂರುತ್ತವೆ. 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಇಟ್ಟ ಹೆಸರು ಉಳಿಯುತ್ತದೆ.

ಹಕ್ಕಿನ ವಿಚಾರವನ್ನೂ ಹೇಳಬೇಕು. ಶರಣರ ವಚನಗಳಿಗೆ ಒಡೆತನವಿಲ್ಲ, ಅವುಗಳ ಧ್ವನಿಮುದ್ರಿಕೆಗೆ ಇದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ, ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1985ರಲ್ಲಿ ಕಂಪನಿಯೊಂದು ಹೊರತಂದ ಕ್ಯಾಸೆಟ್ಟಿನ ಹಕ್ಕು 2045ರ ಕೊನೆಯವರೆಗೂ ಉಂಟು. ಅಂಥವನ್ನು ಮನೆಯಲ್ಲಿ ಕೇಳಲು ಇಟ್ಟುಕೊಳ್ಳುವುದು ಬೇರೆ, ಅಂತರಜಾಲಕ್ಕೆ ಏರಿಸಿ ಹಂಚುವುದು ಬೇರೆ. ಶ್ರೀಮಠವು ತಾನೇ ಮುದ್ರಿಸಿಕೊಂಡ ಭಜನೆಗಳನ್ನು ಮಾತ್ರ, ಅದೂ ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು, ಭಕ್ತರಿಗೆ ನೀಡುತ್ತದೆ.

ನಾವು ಅಳಿಸಿದ ಫೋಲ್ಡರಿನ ಕಥೆ ಇನ್ನೂ ಉಳಿದಿದೆ. ಕ್ಯಾಸೆಟ್ಟುಗಳು ಕಪಾಟಿನಲ್ಲೇ ಇದ್ದುದರಿಂದ ಮತ್ತೊಂದು ರಜೆ ಕಳೆದು ಬಹುತೇಕ ಎಲ್ಲವನ್ನೂ ಪುನಃ ಇಳಿಸಿದೆವು. ಒಂದು ಮಾತ್ರ ಆಗಲಿಲ್ಲ. ಶ್ರಾವಣದ ಭಜನೆಯಲ್ಲಿ ತಾಯಂದಿರು ಹಾಡಿದ್ದ ಆ ಕ್ಯಾಸೆಟ್ಟು ಭಕ್ತರೊಬ್ಬರ ಮನೆಯದು. ಇಳಿಸಿಕೊಂಡು ಹಿಂದಿರುಗಿಸಿದ್ದೆವು, ಮಳೆಗಾಲದಲ್ಲಿ ಆ ಮನೆಯ ಮಾಳಿಗೆ ಸೋರಿ ಟೇಪು ಹಾಳಾಗಿತ್ತು. ಅದರಲ್ಲಿ ಹಾಡಿದ್ದ ಹಿರಿಯ ತಾಯಿಯವರು ಆ ವೇಳೆಗೆ ಲಿಂಗೈಕ್ಯರಾಗಿದ್ದರು. ಲೈಬ್ರರಿಯಲ್ಲಿ ಉಳಿದುದು 12 ಹೆಸರುಗಳ ಸಾಲು, ಒಂದೊಂದರ ಮುಂದೆ ಹಾಡಿದವರ ಹೆಸರು ಮತ್ತು ಹಾಡಿನ ಅವಧಿ.

ಕಳೆದ ವರ್ಷ ಪರಊರಿನಲ್ಲಿ ನೆಲೆಸಿರುವ ಭಕ್ತರೊಬ್ಬರ ಫೋನಿನಲ್ಲಿ, ಯಾರೋ ಎಂದೋ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದ ಮೂರು ಹಾಡುಗಳು ದೊರೆತವು. ಹೆಸರಿನ ಜಾಗದಲ್ಲಿ ದಿನಾಂಕವಷ್ಟೇ ಇತ್ತು. ಕೇಳಿದೊಡನೆ ಅದೇ ಶ್ರಾವಣದ ಭಜನೆಯೆಂದು ತಿಳಿಯಿತು, ಹಾರ್ಮೋನಿಯಂ ನಡುವೆ ದಾಸೋಹದ ಪಾತ್ರೆಗಳ ಸದ್ದೂ ಇತ್ತು. ಮೂರರಲ್ಲಿ ಒಂದರ ವಿಷಯದಲ್ಲಿ ಸಂದೇಹ ಬಂದಿತು, ಏಕೆಂದರೆ ಆ ವಚನವನ್ನು ಅಂದು ಇಬ್ಬರು ಹಾಡಿದ್ದರು. ಹಳೆಯ ಸಾಲನ್ನು ತೆರೆದು ನೋಡಿದೆವು: ಒಬ್ಬರದು 5 ನಿಮಿಷ 3 ಸೆಕೆಂಡು, ಹಿರಿಯ ತಾಯಿಯವರದು 4 ನಿಮಿಷ 12 ಸೆಕೆಂಡು. ಫೋನಿನಲ್ಲಿದ್ದುದು 4 ನಿಮಿಷ 12 ಸೆಕೆಂಡಿನದು. ಅದನ್ನು ಅವರ ಮಗನವರಿಗೆ ಕೇಳಿಸಿದೆವು.

ಉಳಿದ ಒಂಬತ್ತು ಹಾಡುಗಳು ಇನ್ನೂ ದೊರೆತಿಲ್ಲ. ಧ್ವನಿಯಿಲ್ಲದ ಆ ಒಂಬತ್ತು ಹೆಸರುಗಳನ್ನು ಲೈಬ್ರರಿಯಿಂದ ನಾವು ತೆಗೆದುಹಾಕಿಲ್ಲ. ಶ್ರೀಮಠದ ಶ್ರಾವಣ ಭಜನೆಯ ಹಾಡುಗಳು ಯಾವ ಭಕ್ತರ ಫೋನಿನಲ್ಲಾದರೂ, ಹಳೆಯ ಮೆಮೊರಿ ಕಾರ್ಡಿನಲ್ಲಾದರೂ ಇದ್ದಲ್ಲಿ ದಯವಿಟ್ಟು ಕಚೇರಿಗೆ ತಂದು ಕೇಳಿಸಬೇಕೆಂದು ಕೋರುತ್ತೇವೆ. ಹೆಸರಿಲ್ಲದಿದ್ದರೂ ಚಿಂತೆಯಿಲ್ಲ.